ಗೇಜಿನ ಮುಳ್ಳು ನಿಂತ ಮೇಲೆ

ಮಾತಿನ ನಡುವೆ ಅವರು ಬಲಗೈ ಎತ್ತಿದರೆ ನಾವು ಬಾಯಿ ಮುಚ್ಚಬೇಕು. ಅದು ನಮ್ಮ ಒಪ್ಪಂದ. ವಾದ ಎಷ್ಟೇ ಏರಿರಲಿ, ನಾನು ಗೆಲ್ಲುವ ಮಾತಿನ ತುದಿಗೇ ಬಂದಿರಲಿ, ಆ ಕೈ ಮೇಲೆ ಹೋಯಿತೆಂದರೆ ಮುಗಿಯಿತು. ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ, ಬೆನ್ನ ಹಿಂದಿನ ಗೋಡೆಯಾಚೆ ಓಡುತ್ತಿದ್ದ ಕಂಪ್ರೆಸರಿನ ಸದ್ದು ಕೇಳುತ್ತಿದ್ದರು. ಹತ್ತು ಎಣಿಸುವಷ್ಟು ಹೊತ್ತು. ನಮಗೆ ಅದು ಯಾವಾಗಲೂ ಒಂದೇ ಸದ್ದು. ಅವರಿಗೆ ಏನು ಕೇಳಿಸುತ್ತಿತ್ತೋ, ಒಮ್ಮೊಮ್ಮೆ ಎದ್ದು ಹೋಗಿ ಯಾವುದೋ ಚಕ್ರವನ್ನು ಕಾಲು ಸುತ್ತು ತಿರುಗಿಸಿ ಬರುತ್ತಿದ್ದರು. ಹೆಚ್ಚಿನ ಸಲ ಕೈ ಇಳಿಸಿ, "ಹಾಂ, ಈಗ ಹೇಳ್ರಿ ಸರ" ಅನ್ನುತ್ತಿದ್ದರು. ಅಷ್ಟರಲ್ಲಿ ನನ್ನ ಗೆಲ್ಲುವ ಮಾತು ನನಗೇ ಮರೆತು ಹೋಗಿರುತ್ತಿತ್ತು.

ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ರಸ್ತೆಯಲ್ಲಿ, ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವರು ಆಪರೇಟರ್. ಮಾಲಕರಿಂದ ಹಿಡಿದು ಹಮಾಲರವರೆಗೆ ಎಲ್ಲರ ಬಾಯಲ್ಲೂ ಮಿಷನ್ ಸಾಹೇಬರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಅವರ ಹೆಸರು ಹಿಡಿದು ಬರೆಯುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ ಅನಿಸುತ್ತದೆ. ಅವರು ತೀರಿಕೊಂಡ ಮೇಲೆ ಇದು ಎರಡನೇ ಮಳೆಗಾಲ.

ನಾನು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಮನೆ ಬ್ಯಾಡಗಿಯಲ್ಲಿ. ಒಂದು ವರ್ಷ ಹತ್ತನೇ ತರಗತಿಯನ್ನು ತಂಪು ಮಾಡುವ ಯಂತ್ರ ತೋರಿಸಲು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಮೋನಿಯಾ ಹೇಗೆ ಕುಗ್ಗುತ್ತದೆ, ಹೇಗೆ ಹಿಗ್ಗುತ್ತದೆ, ಹಿಗ್ಗುವಾಗ ಹೇಗೆ ಚಳಿ ಹುಟ್ಟುತ್ತದೆ ಎಂದು ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿ ಮುಗಿಸಿದೆ. ಮೂಲೆಯಲ್ಲಿ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಒಬ್ಬರು ಮುಂದೆ ಬಂದು, ಗೋಡೆಯ ಮೇಲಿನ ಗೇಜು ತೋರಿಸಿ, ಈ ಮುಳ್ಳು ಕೊನೆಯ ಅಂಕಿಗೆ ಮುಟ್ಟಿ ನಿಂತಿತು ಅಂತ ಇಟ್ಟುಕೊಳ್ಳಿ, ಆಗ ಒಳಗೆ ಒತ್ತಡ ಎಷ್ಟು ಎಂದು ಬಹಳ ವಿನಯದಿಂದ ಕೇಳಿದರು. ನಾನು ಕೊನೆಯ ಅಂಕಿಯನ್ನೇ ಓದಿ ಹೇಳಿದೆ.

"ಅಲ್ರಿ ಸರ," ಅಂದರು. "ಕಡಿಮಿ ಅಂದ್ರ ಅಷ್ಟು. ಹೆಚ್ಚು ಅಂದ್ರ ಎಷ್ಟು ಅನ್ನೂದು ಈ ಗೇಜಿಗೆ ತಿಳಿಯಂಗಿಲ್ಲ. ಮುಳ್ಳು ನಿಂತೈತಿ, ಗ್ಯಾಸ್ ನಿಂತಿಲ್ಲ."

ಮಕ್ಕಳೆಲ್ಲ ನನ್ನ ಮುಖ ನೋಡಿದರು. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಮಾತು ತಲೆಯೊಳಗೆ ಹೊಕ್ಕು ಕುಳಿತುಬಿಟ್ಟಿತು. ಮುಂದಿನ ಭಾನುವಾರ ಕಾಲು ತಾನಾಗಿ ಆ ಕಡೆ ನಡೆಯಿತು.

ಯಂತ್ರಗಳಿದ್ದ ಮಿಷನ್ ಮನೆಯ ಹೊರಗೆ ಬೇವಿನ ಮರ, ಮರದ ಕೆಳಗೆ ಒಂದು ಕಲ್ಲು ಬೆಂಚು. ಅಲ್ಲಿ ನಾವು ಮೂವರು. ಮೂರನೆಯವರು ಹಾವೇರಿಯ ಕೋರ್ಟಿನ ಟೈಪಿಸ್ಟರು, ಮೋಟೆಬೆನ್ನೂರಿನವರು. ಅವರಿಗೆ ಜಗತ್ತಿನ ಎಲ್ಲ ಪ್ರಶ್ನೆಗೂ ಸಾಕ್ಷಿ ಬೇಕು. ಸಾಹೇಬರು ಏಳನೇ ತರಗತಿಗೆ ಶಾಲೆ ಬಿಟ್ಟವರು. ಆದರೆ ಫೋನಿನಲ್ಲಿ ಹಿಂದಿ, ಉರ್ದು ಭಾಷಣ ಕೇಳಿ, ಕನ್ನಡದ ವಿಜ್ಞಾನ ಪತ್ರಿಕೆಗಳನ್ನು ರದ್ದಿ ಅಂಗಡಿಯಿಂದ ತಂದು ಓದಿ, ಬೇಕಾದ್ದನ್ನೆಲ್ಲ ಯಂತ್ರದ ದಿನಚರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಡುತ್ತಿದ್ದರು. ಮುಂದಿನ ಪುಟಗಳಲ್ಲಿ ತಾಸಿಗೊಮ್ಮೆ ಬರೆದ ಒತ್ತಡ, ಉಷ್ಣಾಂಶ. ಹಿಂದಿನ ಪುಟಗಳಲ್ಲಿ ನಕ್ಷತ್ರ ಹೇಗೆ ಸಾಯುತ್ತದೆ, ಸತ್ತ ಮೇಲೆ ತನ್ನ ಭಾರಕ್ಕೆ ತಾನೇ ಹೇಗೆ ಕುಸಿಯುತ್ತದೆ, ಕುಸಿದು ಬೆಳಕನ್ನೂ ಬಿಡದ ಕಪ್ಪುಕುಳಿ ಹೇಗಾಗುತ್ತದೆ ಎನ್ನುವುದು.

ಅವರ ವಾದ ಒಂದೇ. ಕಪ್ಪುಕುಳಿಯ ನಡುವೆ ಸಾಂದ್ರತೆ ಅನಂತ ಅನ್ನುತ್ತಾರಲ್ಲ, ಆ ಮಾತು ಅವರಿಗೆ ಸಮ್ಮತವಿಲ್ಲ. ಲೆಕ್ಕದಲ್ಲಿ ಅನಂತ ಬಂತೆಂದರೆ ಅದು ಕುಳಿಯ ಸುದ್ದಿ ಅಲ್ಲ, ಲೆಕ್ಕದ ಸುದ್ದಿ. ಸಿದ್ಧಾಂತದ ಮುಳ್ಳು ಕೊನೆಗೆ ಮುಟ್ಟಿ ನಿಂತಿದೆ, ಅಷ್ಟೇ. ಅದರ ಮುಂದೆ ಏನಿದೆ ಎಂದು ಹೇಳಲು ಬೇರೆ ಗೇಜು ಬೇಕು. ನಾನು ಪುಸ್ತಕದ ಪರ. ಸಾಪೇಕ್ಷತೆಯ ಸಮೀಕರಣ ಎಲ್ಲೆಲ್ಲಿ ಪರೀಕ್ಷೆಯಾಗಿದೆಯೋ ಅಲ್ಲೆಲ್ಲ ಸರಿಯಾಗಿದೆ, ಒಳಗೆ ಮಾತ್ರ ಯಾಕೆ ತಪ್ಪಬೇಕು ಎಂದು ನಾನು. ಟೈಪಿಸ್ಟರದು ಮೂರನೇ ದಾರಿ: ಒಳಗೆ ಹೋದವನು ಹೊರಗೆ ಬಂದು ಕಟಕಟೆ ಹತ್ತುವುದಿಲ್ಲ ಅಂದಮೇಲೆ ಕೇಸೇ ವಜಾ. ಹೀಗೆ ನಾಲ್ಕೈದು ವರ್ಷ ವಾದ ಮಾಡಿದೆವು. ಪಕ್ಕದ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಬರುತ್ತಿದ್ದ ಹೆಂಗಸರ ಮುಂದಾಳು, ಕದರಮಂಡಲಗಿಯವಳು, ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದ ಹಿರಿಯಳು, ನೀರಿಗೆ ಬಂದಾಗಲೆಲ್ಲ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ನಿಮ್ಮ ಕುಳಿ ಇನ್ನೂ ತುಂಬಲಿಲ್ಲವೇ ಎಂದು ಕೇಳಿ ಹೋಗುತ್ತಿದ್ದಳು.

ರಾಣೆಬೆನ್ನೂರಿನ ಕಾಲೇಜಿಗೆ ಹೊರಗಿನಿಂದ ಒಬ್ಬ ಪ್ರಾಧ್ಯಾಪಕರು ಕಪ್ಪುಕುಳಿಯ ಬಗ್ಗೆ ಮಾತಾಡಲು ಬಂದಾಗ ಸಾಹೇಬರನ್ನು ಕರೆದುಕೊಂಡು ಹೋಗಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಪ್ರಶ್ನೆಯ ಹೊತ್ತಿನಲ್ಲಿ ಎದ್ದು ನಿಂತು ಗೇಜಿನ ಮಾತು ಹೇಳಿದರು. ಹಿಂದಿನ ಸಾಲಿನ ಹುಡುಗರು ನಕ್ಕರು. ಪ್ರಾಧ್ಯಾಪಕರು ನಗಲಿಲ್ಲ. ನೀವು ಹೇಳುವುದು ಸರಿ, ನಮ್ಮಲ್ಲಿ ಬಹಳ ಮಂದಿಯ ಅಭಿಪ್ರಾಯವೂ ಅದೇ ಎಂದರು. ನನಗೆ ಹೆಮ್ಮೆಯಾಯಿತು. ಸಾಹೇಬರ ಮುಖ ಮಾತ್ರ ಬಾಡಿತು. ಬಸ್ಸಿನಲ್ಲಿ ಬರುವಾಗ, ಅವರು ಜಗಳಕ್ಕೇ ಬರಲಿಲ್ಲ, ಇಷ್ಟು ಲಗೂ ಒಪ್ಪಿಕೊಂಡರೆ ನಾನು ಹೇಳಿದ್ದು ಖರೇನೋ ಸುಳ್ಳೋ ತಿಳಿಯುವುದು ಹೇಗೆ ಎಂದು ದಾರಿಯುದ್ದಕ್ಕೂ ಗೊಣಗಿದರು. ಒಪ್ಪುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನನ್ನನ್ನು ಅವರು ಇಟ್ಟುಕೊಂಡದ್ದೂ ಅದಕ್ಕೇ ಇರಬೇಕು.

ಒಂದು ವಿಷಯದಲ್ಲಿ ಮಾತ್ರ ಅವರ ಪಟ್ಟು ನನಗೆ ವಿಚಿತ್ರ ಅನಿಸುತ್ತಿತ್ತು. ಕಪ್ಪುಕುಳಿಗೆ ಒಂದು ಗಡಿ ಇರುತ್ತದೆ. ಅದನ್ನು ದಾಟಿದವನು ತಿರುಗಿ ಬರಲಾರ. ಆದರೆ ಕುಳಿ ಬಹಳ ದೊಡ್ಡದಿದ್ದರೆ ದಾಟುವ ಗಳಿಗೆಯಲ್ಲಿ ಅವನಿಗೆ ಏನೂ ಅನಿಸುವುದಿಲ್ಲ, ಎಲ್ಲ ನಿನ್ನೆಯಂತೆಯೇ ಇರುತ್ತದೆ. ಇದು ನಾನು ಹೇಳಿದ್ದು. ಸಾಹೇಬರು ಬೇರೆ ದಿನ ನಗುನಗುತ್ತ ವಾದ ಮಾಡುವವರು, ಅವತ್ತು ನಗಲಿಲ್ಲ.

"ಏನರ ಒಂದು ಗುರ್ತು ಇರಬೇಕ್ರಿ ಸರ," ಅಂದರು. "ದಾಟಿದ್ದು ದಾಟಿದಾಂವಗ ತಿಳೀದಿಲ್ಲ ಅಂದ್ರ ಹೆಂಗ?"

ತಿಳಿಯುವುದಿಲ್ಲ ಎಂದು ನಾನು ಪುಸ್ತಕ ತೆಗೆದು ತೋರಿಸಿದೆ. ಅವರು ಪುಸ್ತಕ ನೋಡಲಿಲ್ಲ. ಕೈ ಎತ್ತಿ ಯಂತ್ರದ ಸದ್ದು ಕೇಳಿದರು. ಅವತ್ತು ಬಹಳ ಹೊತ್ತು ಆ ಕೈ ಕೆಳಗಿಳಿಯಲಿಲ್ಲ.

ಅಲ್ಲಿನ ಗಾಳಿಯ ಬಗ್ಗೆ ಹೇಳದೆ ಮುಂದಿನದನ್ನು ಹೇಳಲಾಗದು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಕೇಳಿರುತ್ತಾರೆ. ಆದರೂ ನೂರಾರು ಚೀಲ ಒಂದೆಡೆ ಬಿಚ್ಚಿದರೆ ಯಾವ ಕಾಯಿಯ ಧೂಳೂ ಗಂಟಲು ಹಿಡಿಯುತ್ತದೆ. ಹೊಸಬರು ಬಸ್ಸಿಳಿದ ಕೂಡಲೇ ಸೀನುತ್ತಾರೆ. ನಾವು ಕೆಮ್ಮುತ್ತಲೇ ಮಾತಾಡುತ್ತೇವೆ, ಕೆಮ್ಮುತ್ತಲೇ ಊಟ ಮಾಡುತ್ತೇವೆ, ಅದನ್ನು ಕೆಮ್ಮು ಎಂದು ಯಾರೂ ಎಣಿಸುವುದಿಲ್ಲ. ಶೆಡ್ಡಿನಲ್ಲಿ ನಲವತ್ತು ಹೆಂಗಸರು ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಿದ್ದರೂ ಯಾರೂ ಯಾಕೆ ಎಂದು ಕೇಳುವುದಿಲ್ಲ. ಘಾಟು, ಅಷ್ಟೇ. ಯಂತ್ರದ ಅಮೋನಿಯಾ ಸೋರಿದರೂ ಹೀಗೆಯೇ ಕಣ್ಣು ಉರಿಯುತ್ತದೆ, ಗಂಟಲು ಹಿಡಿಯುತ್ತದೆ. ಸೋರಿಕೆ ಸಣ್ಣದಿದ್ದಾಗ ಎರಡನ್ನೂ ಬೇರೆ ಮಾಡುವುದು ವಾಸನೆಯೊಂದೇ. ಶೆಡ್ಡಿಗೂ ಮಿಷನ್ ಮನೆಗೂ ನಡುವೆ ಒಂದೇ ಗೋಡೆ. ಅದರ ನೆತ್ತಿಯ ಸಂದಿನಲ್ಲಿ ಗ್ಯಾಸಿನ ಪೈಪು ಹಾಯ್ದು ಶೆಡ್ಡಿನ ಮಾಡಿನ ಕೆಳಗೇ ಕಾಯಿ ಇಡುವ ತಂಪು ಕೋಣೆಗಳ ಕಡೆಗೆ ಹೋಗುತ್ತಿತ್ತು.

ಸಾಹೇಬರು ಬೆಳಿಗ್ಗೆ ಸಂಜೆ ಒಂದು ಗಂಧಕದ ಬತ್ತಿ ಹಚ್ಚಿಕೊಂಡು ಪೈಪಿನ ಒಂದೊಂದು ಜೋಡಣೆಯ ಹತ್ತಿರವೂ ಹಿಡಿಯುತ್ತ ಸುತ್ತುತ್ತಿದ್ದರು. ಎಲ್ಲಾದರೂ ಅಮೋನಿಯಾ ಸೋರುತ್ತಿದ್ದರೆ ಆ ಹೊಗೆ ದಟ್ಟ ಬೆಳ್ಳಗಾಗುತ್ತದೆ. ಬೇರೆ ಕಡೆಯ ಆಪರೇಟರುಗಳು ಇಷ್ಟು ಮಾಡುವುದಿಲ್ಲ, ವಾಸನೆ ಬಂದರೆ ಮಾತ್ರ ಬತ್ತಿ ಹಚ್ಚುತ್ತಾರೆ ಎಂದು ಟೈಪಿಸ್ಟರು ಹೊಗಳಿದ್ದುಂಟು. ನಾನೂ ಅದನ್ನು ನಿಷ್ಠೆ ಅಂದುಕೊಂಡಿದ್ದೆ. ಮಕ್ಕಳಿಗೆ ಅವರ ಉದಾಹರಣೆ ಕೊಟ್ಟದ್ದೂ ಉಂಟು.

ಒಂದು ಬೇಸಿಗೆಯ ಭಾನುವಾರ. ಟೈಪಿಸ್ಟರು ಬಂದಿರಲಿಲ್ಲ, ನಾವಿಬ್ಬರೇ. ಸಿದ್ಧಾಂತದ ಮಿತಿಯನ್ನು ಆ ಸಿದ್ಧಾಂತವೇ ಹೇಳಬಲ್ಲದೇ ಎಂದು ವಾದ ನಡೆದಿತ್ತು. ನನ್ನ ಮೂಗಿಗೆ ಚುರುಕ್ ಎಂದು ಒಂದು ವಾಸನೆ ಬಂತು. ಶಾಲೆಯ ಪ್ರಯೋಗಾಲಯದಲ್ಲಿ ವರ್ಷಕ್ಕೊಮ್ಮೆ ಬಾಟಲಿ ಬಿಚ್ಚಿದಾಗ ಬರುವ ವಾಸನೆ. ನನಗೆ ಚೆನ್ನಾಗಿ ಗೊತ್ತಿದ್ದದ್ದು. ಸಾಹೇಬರ ಮುಖ ನೋಡಿದೆ. ಅವರು ಕಾಲ ಮೇಲೆ ಕಾಲು ಹಾಕಿ ಆರಾಮವಾಗಿ ಕುಳಿತಿದ್ದರು. ಮೂವತ್ತು ವರ್ಷ ಈ ಯಂತ್ರದೊಡನೆ ಬದುಕಿದ ಮನುಷ್ಯನಿಗೇ ಚಿಂತೆಯಿಲ್ಲ, ಇಲ್ಲಿ ಇದು ಮಾಮೂಲು ಇರಬೇಕು ಎಂದುಕೊಂಡು ನಾನು ಮಾತು ಮುಂದುವರಿಸಿದೆ. ಶೆಡ್ಡಿನಿಂದ ಕೆಮ್ಮು ಕೇಳುತ್ತಿತ್ತು. ಅದು ಕೇಳದ ದಿನ ಯಾವುದು. ಹತ್ತು ನಿಮಿಷ ಹೋಗಿರಬೇಕು, ದೊಡ್ಡವ್ವ ಬಾಗಿಲಿಗೆ ಬಂದು, ಒಬ್ಬಳು ಬಿದ್ದಳು ಸಾಹೇಬ್ರ ಎಂದು ಕೂಗಿದಳು.

ಐವತ್ತೆಂಟರ ಮನುಷ್ಯ ಹಾಗೆ ಓಡಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಮೊದಲು ಹೆಂಗಸರನ್ನೆಲ್ಲ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹೊಲದ ಕಡೆ ಕಳಿಸಿದರು. ಬತ್ತಿ ಹಚ್ಚಿ ಒಳಗೆ ಹೋದರು. ನಾಲ್ಕನೇ ಜೋಡಣೆಯಲ್ಲಿ ಹೊಗೆ ಬೆಳ್ಳಗೆ ಎದ್ದಿತು. ಗ್ಯಾಸು ತಡೆಯುವ ಎರಡು ಚಕ್ರ ತಿರುಗಿಸಿ ಮುಚ್ಚಿದರು, ಒಂದು ನಟ್ಟು ಬಿಗಿದರು. ಅರ್ಧ ತಾಸಿನಲ್ಲಿ ಎಲ್ಲ ಮುಗಿಯಿತು. ಬಿದ್ದವಳು ನೀರು ಕುಡಿದು ಎದ್ದು ಕುಳಿತಳು. ಬಿಸಿಲಿಗೆ ತಲೆ ತಿರುಗಿರಬೇಕು, ಮೇಲೆ ಘಾಟು ಬೇರೆ ಎಂದು ಹೆಂಗಸರು ತಾವೇ ಕಾರಣ ಹುಡುಕಿಕೊಂಡರು. ಅವರನ್ನು ಯಾರೂ ತಿದ್ದಲಿಲ್ಲ.

ನಾವು ಮತ್ತೆ ಬೆಂಚಿಗೆ ಬಂದೆವು. ಸಾಹೇಬರು ಬತ್ತಿ ಆರಿಸಿ ಕೆಳಗಿಟ್ಟರು.

"ನಿಮಗ ವಾಸನಿ ಬಂದಿತ್ತೇನ್ರಿ ಸರ?"

ಬಂದಿತ್ತು ಎಂದೆ.

"ಮತ್ತ ಯಾಕ ಹೇಳ್ಲಿಲ್ಲ?"

"ನೀವು ಆರಾಮ ಕುಂತಿದ್ರಿ. ನಿಮ್ಮ ಮುಖಾ ನೋಡಿ ಸುಮ್ನಾದೆ."

"ನಾನೂ ನಿಮ್ಮ ಮುಖಾನ ನೋಡಾಕತ್ತಿದ್ದೆ," ಅಂದರು. "ನೀವು ಆರಾಮ ಕುಂತಿದ್ರಿ."

ಆಮೇಲೆ ಹೇಳಿದರು. ಕೊರೊನಾದ ವರ್ಷ ಜ್ವರದಲ್ಲಿ ಹೋದ ವಾಸನೆ ತಿರುಗಿ ಬರಲೇ ಇಲ್ಲ. ಎಲ್ಲರಿಗೂ ಹೋಗಿತ್ತು, ಎಲ್ಲರಿಗೂ ಬಂತು, ನನಗೂ ಬರುತ್ತದೆ ಎಂದು ಕಾದರು. ಯಾವ ದಿನದಿಂದ ಇನ್ನು ಬರುವುದಿಲ್ಲ ಎಂದು ಆಯಿತೋ ಅದು ಅವರಿಗೇ ತಿಳಿಯಲಿಲ್ಲ. ಕಣ್ಣು ಉರಿಯುತ್ತದೆ, ಗಂಟಲು ಹಿಡಿಯುತ್ತದೆ, ಆದರೆ ಅದು ಗ್ಯಾಸೋ ಕಾಯಿಯೋ ಗೊತ್ತಾಗುವುದಿಲ್ಲ. ಅದಕ್ಕೇ ಬತ್ತಿ. ಹೆಂಡತಿಗೂ ಹೇಳಿಲ್ಲ. ಆ ಗಡಿಯ ವಾದದ ದಿನ ಅವರು ಯಾಕೆ ಹಾಗೆ ಪಟ್ಟು ಹಿಡಿದರು ಎನ್ನುವುದು ನನಗೆ ಆಗ ಹೊಳೆಯಿತು.

ಮಾಲಕರಿಗೆ ಹೇಳಬೇಕು ಎಂದೆ. ಹೇಳಿದರೆ ನನ್ನನ್ನು ಗೇಟಿಗೆ ವಾಚ್‌ಮನ್ ಮಾಡಿ ಕೂಡ್ರಿಸುತ್ತಾರೆ, ಈ ಯಂತ್ರವನ್ನು ಅದರ ಹೊಟ್ಟೆನೋವು ತಿಳಿಯದವನ ಕೈಗೆ ಕೊಡುತ್ತಾರೆ ಎಂದರು. ಮುಂದಿನ ವರ್ಷದ ಕಾಯಿ ಬರುವವರೆಗೆ ಸುಮ್ಮನಿರಿ, ಆಮೇಲೆ ನಾನೇ ಹೇಳುತ್ತೇನೆ ಎಂದರು. ಕಿವಿ, ಕೈ, ಮೂವತ್ತು ವರ್ಷದ ಬುದ್ಧಿ ಎಲ್ಲ ಇದೆ, ಇಲ್ಲದ್ದು ಮೂಗೊಂದೇ ಎಂದರು. ನಾನು ಒಪ್ಪಿದೆ. ಬರೀ ಕನಿಕರದಿಂದ ಒಪ್ಪಿದೆ ಎಂದು ಬರೆದರೆ ಓದುವವರು ನಂಬಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಅವರು ನನ್ನ ಕೈ ಹಿಡಿದು, ಭಾನುವಾರ ಭಾನುವಾರ ನಿಮ್ಮ ಮೂಗು ನನಗೆ ಕೊಡಿ ಅಂದರು. ಪುಸ್ತಕ ಓದುವುದು ಬಿಟ್ಟು ಬೇರೇನೂ ಬಾರದ ನನಗೆ ಅಷ್ಟು ಬೆಲೆ ಅದುವರೆಗೆ ಯಾರೂ ಕಟ್ಟಿರಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ವಾದಕ್ಕೆ ಮುಂಚೆ ನಮ್ಮದೊಂದು ಸುತ್ತು. ಕೆಳಗಿನ ಜೋಡಣೆಗಳಿಗೆ ಅವರ ಬತ್ತಿ ಮುಟ್ಟುತ್ತಿತ್ತು. ಗೋಡೆಯ ನೆತ್ತಿಯಲ್ಲಿ ಪೈಪು ಶೆಡ್ಡಿನೊಳಗೆ ಹಾಯುವ ಸಂದಿಗೆ ಕಬ್ಬಿಣದ ಏಣಿ ಹತ್ತಬೇಕು, ಹತ್ತಿದರೂ ಪೈಪಿನ ಸುತ್ತ ಥರ್ಮಾಕೋಲು ಕಟ್ಟಿ ಬತ್ತಿ ಹಿಡಿಯಲು ಜಾಗವಿಲ್ಲ. ಅಲ್ಲಿಗೆ ಮೂಗೇ ಬೇಕು. ನಾನು ಹತ್ತಿ, ಮುಖ ಒಳಗೆ ಚಾಚಿ ಉಸಿರೆಳೆದು, ಏನೂ ಇಲ್ಲ ಸಾಹೇಬ್ರ ಎಂದು ಕೂಗುತ್ತಿದ್ದೆ. ಅಲ್ಲಿಂದ ಕೆಳಗೆ ನೋಡಿದರೆ ಹೆಂಗಸರು ಕೆಂಪು ಕಾಯಿಯ ಗುಡ್ಡೆಯ ಸುತ್ತ ಕುಳಿತಿರುವುದು ಕಾಣುತ್ತಿತ್ತು, ಕೆಲವರ ಮಡಿಲಲ್ಲಿ ಮಕ್ಕಳು. ಇವರ ಜೀವ ವಾರಕ್ಕೊಮ್ಮೆ ನಾನು ಎಳೆಯುವ ಒಂದು ಉಸಿರಿನ ಮೇಲೆ ನಿಂತಿದೆ ಎಂಬ ಯೋಚನೆ ಬಂದು ಇನ್ನೊಮ್ಮೆ ಉಸಿರೆಳೆದು ನೋಡುತ್ತಿದ್ದೆ. ಕೆಳಗೆ ಇಳಿದ ಮೇಲೆ ಮರೆಯುತ್ತಿದ್ದೆ. ಸೋಮವಾರದಿಂದ ಶನಿವಾರದವರೆಗೆ ಮೂಗು ಯಾರದು ಎಂದು ನಾವಿಬ್ಬರೂ ಬಾಯಿಬಿಟ್ಟು ಕೇಳಿಕೊಳ್ಳಲಿಲ್ಲ.

ಮುಂದಿನ ವರ್ಷದ ಕಾಯಿ ಬಂತು. ಅವರು ಮಾಲಕರಿಗೆ ಹೇಳಲಿಲ್ಲ. ನಾನೂ ನೆನಪಿಸಲಿಲ್ಲ.

ಜಗಳವಾದದ್ದು ದೀಪಾವಳಿ ಕಳೆದ ಭಾನುವಾರ. ಕಪ್ಪುಕುಳಿಗೆ ಬಿದ್ದ ವಸ್ತುವಿನ ವಿವರ ಪೂರ್ತಿ ಅಳಿಯುತ್ತದೆಯೋ, ಎಲ್ಲೋ ಉಳಿಯುತ್ತದೆಯೋ ಎಂಬ ವಾದ. ಉಳಿಯುತ್ತದೆ ಎಂದು ಈಗ ತೀರ್ಮಾನವಾಗಿದೆ ಎಂದು ನಾನು ಯಾವುದೋ ಲೇಖನ ಓದಿ ಬಂದು ಜೋರಾಗಿ ಸಾರಿದೆ. ತೀರ್ಮಾನ ಮಾಡಿದವರು ಯಾರು, ಅಳೆದವರು ಯಾರು ಎಂದು ಸಾಹೇಬರು ಕೆದಕಿದರು. ಮಾತಿಗೆ ಮಾತು ಬೆಳೆಯಿತು. ಟೈಪಿಸ್ಟರು ಖುಷಿಯಿಂದ ನ್ಯಾಯಾಧೀಶರಾಗಿ ಕುಳಿತಿದ್ದರು.

"ಸರ, ನೀವು ಇಷ್ಟು ವರ್ಷ ಸಾಲಿ ಕಲಿಸೀರಿ," ಅಂದರು ಸಾಹೇಬರು. "ಒಂದರ ನೀವ ಸ್ವತಃ ಅಳದು ನೋಡೀರೇನು? ಮಂದಿ ಅಳತಿ ಓದಿ ಹೇಳ್ತೀರಿ, ಅಷ್ಟ."

ಟೈಪಿಸ್ಟರು ನಕ್ಕರು. ಅವರ ನಗು ನನ್ನನ್ನು ಕೆಡಿಸಿತು. ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಇದ್ದ ಹಾಗೆ ಬರೆಯುತ್ತೇನೆ.

"ನಿಮ್ಮ ಅಳತಿ ಎಷ್ಟು ನಂಬಬೇಕು ಅನ್ನೂದು ನನಗ ಗೊತ್ತೈತಿ ಸಾಹೇಬ್ರ. ಇವರಿಗೂ ಹೇಳ್ಲೇನು?"

ಟೈಪಿಸ್ಟರಿಗೆ ಏನೂ ಅರ್ಥವಾಗಲಿಲ್ಲ, ಹೇಳ್ರಿ ಹೇಳ್ರಿ ಎಂದರು. ಸಾಹೇಬರ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ, ಅದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಮನೆಯೊಳಗೆ ಬಿಟ್ಟುಕೊಂಡವನು ಕದ್ದದ್ದನ್ನು ಕಂಡ ಹಾಗೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ನೀವು ಗೆದ್ರಿ ಸರ," ಎಂದು ಎದ್ದು ಒಳಗೆ ಹೋದರು. ಅಷ್ಟು ವರ್ಷದಲ್ಲಿ ನಾನು ಗೆದ್ದ ವಾದ ಅದೊಂದೇ.

ಮುಂದಿನ ಭಾನುವಾರ ಚಪ್ಪಲಿ ಮೆಟ್ಟಿ ಓಣಿಯ ತುದಿಯವರೆಗೆ ಹೋಗಿ ತಿರುಗಿ ಬಂದೆ. ಯಾವ ಮುಖ ಹೊತ್ತು ಹೋಗಲಿ. ಎರಡನೇ ಭಾನುವಾರ ಉತ್ತರಪತ್ರಿಕೆ ತಿದ್ದುವ ನೆಪ ಹೂಡಿದೆ. ಮೂರನೆಯದಕ್ಕೆ ಯಾವ ನೆಪವನ್ನೂ ಹುಡುಕಲಿಲ್ಲ, ಮನೆಯಲ್ಲೇ ಮಲಗಿದ್ದೆ. ಏಣಿಯ ನೆನಪು ಬರುತ್ತಿರಲಿಲ್ಲವೇ ಎಂದು ಕೇಳಿದರೆ, ಬರುತ್ತಿತ್ತು. ಅವರೇ ಫೋನು ಮಾಡಿ ಕರೆಯಲಿ, ಕರೆದರೆ ಓಡಿ ಹೋಗುತ್ತೇನೆ ಎಂದುಕೊಂಡಿದ್ದೆ. ಆ ಮಾತು ಆಡಿದ ನನ್ನನ್ನು ಅವರು ಹೇಗೆ ಕರೆದಾರು ಎನ್ನುವಷ್ಟು ಬುದ್ಧಿ ನನಗಿರಲಿಲ್ಲ.

ನಾಲ್ಕನೇ ಭಾನುವಾರಕ್ಕೆ ಎರಡು ದಿನ ಇತ್ತು. ಶುಕ್ರವಾರ, ಸಾಹೇಬರು ನಮಾಜು ಮುಗಿಸಿ ಬಂದು ಇನ್ನೂ ಟೋಪಿ ತೆಗೆದಿರಲಿಲ್ಲವಂತೆ. ಗೋಡೆಯ ನೆತ್ತಿಯ ಸಂದಿನಲ್ಲಿ ಪೈಪಿನ ಜೋಡಣೆ ಬಾಯಿಬಿಟ್ಟಿತು. ಈ ಸಲ ಬಿಳಿ ಮಂಜು ಕಣ್ಣಿಗೇ ಕಂಡಿತು. ಅವರು ಶೆಡ್ಡಿಗೆ ನುಗ್ಗಿ ಹೆಂಗಸರನ್ನು, ಮಕ್ಕಳನ್ನು ಒಬ್ಬೊಬ್ಬರನ್ನೇ ಎಣಿಸಿ ಹೊರಗೆ ಕಳಿಸಿದರು. ಆಮೇಲೆ ಮುಖವಾಡ ಹಾಕಿಕೊಂಡು ಚಕ್ರ ಮುಚ್ಚಲು ಒಳಗೆ ಹೋದರು. ಮುಖವಾಡದ ಡಬ್ಬಿಯೊಳಗೆ ಗ್ಯಾಸು ಹೀರುವ ಮದ್ದು ಇರುತ್ತದೆ, ಅದು ತೀರುತ್ತ ಬಂದಿತ್ತು. ಮದ್ದು ತೀರಿತೆಂದರೆ ಮುಖವಾಡದೊಳಗೆ ವಾಸನೆ ಬರುತ್ತದೆ, ಬಂದ ಗಳಿಗೆ ಯಾರಾದರೂ ಹೊರಗೆ ಓಡುತ್ತಾರೆ. ಇವರು ಓಡಲಿಲ್ಲ. ಕಣ್ಣು, ಗಂಟಲು ಉರಿಯುವುದು ಅವರಿಗೆ ದಿನದ ಮಾತು. ಮೂರು ಚಕ್ರ ಮುಚ್ಚಿ, ಬಾಗಿಲ ಹತ್ತಿರ ಬಂದು ಬಿದ್ದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ನಾನು ಗಾಜಿನ ಹೊರಗೆ ನಿಂತು ನೋಡಿ ಬಂದೆ. ಅವರಿಗೆ ಎಚ್ಚರವಿರಲಿಲ್ಲ.

ಹೆಂಗಸರಲ್ಲಿ ಯಾರಿಗೂ ಏನೂ ಆಗಲಿಲ್ಲ. ಪೈಪು ನೋಡಲು ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್, ಇದು ಒಮ್ಮೆಲೇ ಒಡೆದದ್ದಲ್ಲ, ಹದಿನೈದು ಇಪ್ಪತ್ತು ದಿನದಿಂದ ಸಣ್ಣಗೆ ಸೋರುತ್ತಿದ್ದಿರಬೇಕು ಎಂದನಂತೆ. ಟೈಪಿಸ್ಟರು ಅದನ್ನು ನನಗೆ ಸಹಜವಾಗಿ ಹೇಳಿದರು. ನಾನು ಬೆರಳಲ್ಲಿ ಭಾನುವಾರ ಎಣಿಸಿದೆ.

ಅವರು ತೀರಿಕೊಂಡ ನಲವತ್ತನೇ ದಿನದ ಊಟಕ್ಕೆ ಸಾಹೇಬರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಒಳಬಾಗಿಲಲ್ಲಿ ನಿಂತು, ಭಾನುವಾರ ಬಂದರೆ ನಿಮ್ಮ ಜೊತೆ ವಾದ ಮಾಡಲು ಏನಾದರೂ ಬರೆದುಕೊಂಡೇ ಹೋಗುತ್ತಿದ್ದರು ಎಂದು ಹೇಳಿ ಕಣ್ಣೊರೆಸಿಕೊಂಡರು. ಊಟ ಅರ್ಧಕ್ಕೇ ಬಿಟ್ಟೆ. ಕೈ ತೊಳೆದು ಹೊರಗೆ ಬಂದೆ. ಕಟ್ಟೆಯ ಮೇಲೆ ದೊಡ್ಡವ್ವ ಒಬ್ಬಳೇ ಕುಳಿತಿದ್ದಳು. ಕೆಲಸ ಮತ್ತೆ ಸುರುವಾಗಿದೆ, ಹೊಸ ಆಪರೇಟರ್ ಬಂದಿದ್ದಾನೆ, ಬತ್ತಿಗಿತ್ತಿ ಏನೂ ಹಚ್ಚುವುದಿಲ್ಲ, ಫೋನು ನೋಡುತ್ತ ಕೂತಿರುತ್ತಾನೆ ಎಂದಳು. ನಾನು ಪಕ್ಕದಲ್ಲಿ ಕುಳಿತೆ. ಅವಳು ಸುತ್ತಮುತ್ತ ನೋಡಿ ದನಿ ಇಳಿಸಿದಳು.

"ಸರ, ಒಂದು ಮಾತು ಯಾರಿಗೂ ಹೇಳಿಲ್ಲ. ಆ ಕಡೀ ಐತ್ವಾರ ಸಾಹೇಬ್ರು ಶೆಡ್ಡಿಗೆ ಬಂದಿದ್ರು. ಏಣಿ ಹಚ್ಚಿ ನನ್ನ ಹತ್ತಸಿದ್ರು. ದೊಡ್ಡವ್ವ, ಮೂಗು ಹಚ್ಚಿ ನೋಡು, ಏನರ ವಾಸನಿ ಬರ್ತೈತೇನು ಅಂದ್ರು."

ಬಂತೇನವ್ವ ಎಂದು ಕೇಳಿದೆ.

"ಬರಾಕತ್ತಿತ್ರಿ. ಕಣ್ಣಾಗ ನೀರು ಬಂದ್ವು. ನಾ ಏನಂದೆ ಗೊತ್ತೈತೇನ್ರಿ? ಘಾಟ್ರಿ ಸಾಹೇ‌ಬ್ರ, ದಿನಾ ಇದ್ದದ್ದ, ಅಂದೆ. ಹೌದೇನವ್ವ ಅಂದ್ರು, ಹೋದ್ರು. ಅವರಂಥಾ ಶಾಣ್ಯಾ ಮನಿಶಾ ನನ್ನಂಥಾಕಿನ್ನ ಯಾಕ ಕೇಳಿದ್ರು? ತಾವ ಮೂಸಿ ನೋಡಬಹುದಿತ್ತಲ್ಲ?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೂಸಿ ನೋಡಲು ಅವರಿಗೆ ಯಾಕೆ ಆಗುತ್ತಿರಲಿಲ್ಲ ಎನ್ನುವುದು ಅವಳಿಗೆ ಗೊತ್ತಿಲ್ಲ. ಆ ಏಣಿ ಹತ್ತಬೇಕಾಗಿದ್ದವನು ಯಾರು, ಅವನು ಅಂದು ಎಲ್ಲಿ ಮಲಗಿದ್ದ ಎನ್ನುವುದೂ ಗೊತ್ತಿಲ್ಲ. ಎರಡು ಮಾತು ಹೇಳಿದ್ದರೆ ಅವಳ ಎದೆಯ ಭಾರ ಇಳಿದು ನನ್ನ ಹೆಗಲಿಗೆ ಬರುತ್ತಿತ್ತು, ನ್ಯಾಯವಾಗಿ ಬರಬೇಕಾದ ಜಾಗಕ್ಕೆ. ಒಳಗೆ ಸಾಹೇಬರ ಮನೆಯವರೆಲ್ಲ ಇದ್ದರು, ಮಾಲಕರೂ ಬಂದು ಊಟಕ್ಕೆ ಕುಳಿತಿದ್ದರು.

"ಅವತ್ತು ನಾ ಬ್ಯಾರೆ ಹೇಳಿದ್ರ," ಅಂದಳು, "ಸಾಹೇಬ್ರು ಇರತಿದ್ರಲ್ರಿ?"

"ಗೊತ್ತಿಲ್ಲವ್ವ," ಅಂದೆ.

ಅವಳು ತಲೆ ಆಡಿಸಿ, ಕಟ್ಟೆ ಹಿಡಿದು ಎದ್ದು, ನಾಳೆ ಲಗೂ ಕೆಲಸಕ್ಕೆ ಹೋಗಬೇಕು ಎಂದು ಹೊರಟಳು. ನಾನು ತಡೆಯಲಿಲ್ಲ.